ಗೇರಿನ ಗುಂಡಿಗೆ ಕುಲಾವಿ

ನಮ್ಮ ಮಾಮಾಗೆ ಕಾರು ಬಿಡಲು ಬರುವುದಿಲ್ಲ. ಆದರೆ ಕಲಬುರಗಿಯಲ್ಲಿ ಹದಿನೇಳು ಕಾರು, ಮೂರು ಟೆಂಪೋ ಮತ್ತು ಒಂದು ಶಾಲಾ ವ್ಯಾನು ಗೇರು ಬದಲಿಸುತ್ತಿರುವುದು ಅವರ ದಯೆಯಿಂದ. ನಂಬುವುದು ಕಷ್ಟ, ಗೊತ್ತು. ಅವರ ಒಡಹುಟ್ಟಿದ ಅಕ್ಕ, ಅಂದರೆ ನಮ್ಮ ಅವ್ವನೇ ಇನ್ನೂ ನಂಬಿಲ್ಲ.

ಬಿಡುವುದು ಹಾಗಿರಲಿ, ಕಾರಿನಲ್ಲಿ ಕೂರುವುದೂ ಮಾಮಾಗೆ ಆಗದ ಮಾತು. ಯಾರದಾದರೂ ಲಗ್ನಕ್ಕೆಂದು ಬಲವಂತವಾಗಿ ಹತ್ತಿಸಿದರೆ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ಊರು ಬಂತೇನು, ಊರು ಬಂತೇನು ಎಂದು ಕೇಳುತ್ತಲೇ ಇರುತ್ತಾರೆ. ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಮಷೀನು ನಡೆಸಿ ನಿವೃತ್ತರಾದವರು. ಸೈಕಲ್ಲೇ ಅವರ ವಾಹನ. ಶರಣಸಿರಸಗಿ ಕಡೆಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದಾಗ ಎಂಜಿನಿಯರ್ ಕಾರು ನಿಲ್ಲಿಸಲು ಮುಂದೆ ಜಾಗ ಬಿಟ್ಟಿದ್ದ. ಮಾಮಾ ಅಲ್ಲಿ ಎಲ್ಲಿಂದಲೋ ಹಳೆಯ ಲೇತ್ ತಂದು ನಿಲ್ಲಿಸಿದರು. ಅದರ ಮೇಲೆ ತಯಾರಾಗುವುದು ಗೇರ್ ನಾಬ್, ಅಂದರೆ ಗೇರಿನ ಕಡ್ಡಿಯ ತುದಿಗೆ ಕೂರುವ ಗುಂಡು. ಹಿತ್ತಾಳೆಯದು, ಅಲ್ಯೂಮಿನಿಯಂನದು, ಉಕ್ಕಿನದು. ಕಾರಿನ ಜೊತೆ ಬಂದ ಪ್ಲಾಸ್ಟಿಕ್ ಗುಂಡನ್ನು ಬಿಚ್ಚಿ ಇದನ್ನು ತಿರುವಿ ಕೂರಿಸಿಕೊಳ್ಳಬೇಕು. ಯಾಕೆ ಕೂರಿಸಿಕೊಳ್ಳಬೇಕು? ನನ್ನನ್ನು ಕೇಳಬೇಡಿ, ಆಗ ನನಗೂ ತಿಳಿದಿರಲಿಲ್ಲ.

ಇಲ್ಲಿ ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು. ಮಾಮಾನ ಮನೆಯ ಹಿಂದಿನ ಓಣಿಯಲ್ಲೇ ನಮ್ಮ ಮನೆ. ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ನನ್ನದೇ ಪುಟ್ಟ ಕಾರಿನಲ್ಲಿ ಹೋಗಿ ಬರುತ್ತಿದ್ದೆ. ಕಳೆದ ವರ್ಷ ಶಾಲೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳುಗಳನ್ನು ಪೂರ್ತಿ ಮಡಚಲಾಗಲಿಲ್ಲ. "ಬಂದಷ್ಟು ಬಂತು, ಇನ್ನು ರೂಢಿ ಮಾಡಿಕೊಳ್ಳಿ" ಎಂದರು ಡಾಕ್ಟರು. ಗೇರಿನ ಗುಂಡು ಅಂಗೈಯಿಂದ ಜಾರತೊಡಗಿತು. ಒಂದು ದಿನ ಮಹಾಗಾಂವ ಕ್ರಾಸಿನ ನಡುರಸ್ತೆಯಲ್ಲಿ ಕಾರು ನಿಂತುಬಿಟ್ಟಿತು. ಹಿಂದಿನಿಂದ ಲಾರಿಯವನು ಹಾರ್ನು ಬಾರಿಸುತ್ತಿದ್ದ, ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ಮರುದಿನದಿಂದ ಬಸ್ಸು. ಕಾರು ಸುಮ್ಮನೆ ಧೂಳು ತಿನ್ನುವುದನ್ನು ನೋಡಲಾರದೆ ನಮ್ಮ ಯಜಮಾನರು ತಾಜಸುಲ್ತಾನಪುರದ ಗಿರಾಕಿಯೊಬ್ಬರನ್ನು ಹುಡುಕಿದರು. ಯುಗಾದಿಯ ಮರುದಿನ ಬಂದು ಒಯ್ಯುತ್ತೇವೆಂದು ಅವರು ಹೇಳಿ ಹೋದರು. ನಮ್ಮ ಮನೆತನದಲ್ಲಿ ಮೊದಲು ಸ್ಟೇರಿಂಗ್ ಹಿಡಿದ ಹೆಂಗಸು ನಾನು. ಕಾರು ಹೋದರೆ ಮತ್ತೆ ಹಿಡಿಯುವ ಧೈರ್ಯ ನನಗೆ ಬರುವುದಿಲ್ಲವೆಂದು ಗೊತ್ತಿತ್ತು, ದುಃಖ ಅದರದ್ದು.

ನಾನು ಬಸ್ಸು ಹಿಡಿದ ವಾರದಲ್ಲೇ ಮಾಮಾಗೆ ಈ ಗುಂಡಿನ ಹುಚ್ಚು ಹತ್ತಿದ್ದು. ಓಣಿಯವರಿಗೆಲ್ಲ ಮಾಡಿಕೊಟ್ಟರು, ಹಾಲಿನ ಟೆಂಪೋದವನಿಗೆ ಮಾಡಿಕೊಟ್ಟರು, ದಾರಿಯಲ್ಲಿ ಹೋಗುತ್ತಿದ್ದವರನ್ನು ನಿಲ್ಲಿಸಿ ಮಾಡಿಕೊಟ್ಟರು. ಕೈ ನೆಟ್ಟಗಿದ್ದವರಿಗೆಲ್ಲ ಗುಂಡು, ಕೈ ಮುರಿದುಕೊಂಡ ಸ್ವಂತ ಸೋದರ ಸೊಸೆಗೆ ಇಲ್ಲ! ಇದಕ್ಕೆ ಏನೆನ್ನಬೇಕು?

ಅವರ ಅಳತೆಯ ರೀತಿಯೂ ಬೇರೆ. ಗಿರಾಕಿ ಬಂದೊಡನೆ ಅಡುಗೆಮನೆಗೆ ಹೋಗಿ, ಮಾಮಾನ ಹೆಂಡತಿ, ಅಂದರೆ ನಮ್ಮ ಅತ್ತೆ, ರೊಟ್ಟಿಗೆಂದು ನಾದಿಟ್ಟ ಜೋಳದ ಹಿಟ್ಟಿನಿಂದ ಒಂದು ಉಂಡೆ ತರುತ್ತಾರೆ. "ಹಿಡೀರಿ. ಗೇರ್ ಹಿಡಿದಂಗ ಗಟ್ಟಿ ಹಿಡೀರಿ" ಎನ್ನುತ್ತಾರೆ. ಹಿಟ್ಟಿನಲ್ಲಿ ಮೂಡಿದ ಬೆರಳಿನ ಗುರುತುಗಳಿಗೆ ವರ್ನಿಯರ್ ಎಂಬ ಅಳತೆಕಡ್ಡಿ ಹಚ್ಚಿ, ಅಳತೆಯನ್ನು ನೋಟಬುಕ್ಕಿನಲ್ಲಿ ಬರೆದುಕೊಂಡು, ಗುಂಡಿನ ಮೇಲೂ ಬೆರಳಿಗೊಂದು ತಗ್ಗು ಕೆತ್ತುತ್ತಾರೆ. ಆಮೇಲೆ ಆ ಹಿಟ್ಟು ಪಕ್ಕದ ಮನೆಯ ಎಮ್ಮೆಗೆ.

"ರೊಟ್ಟಿ ಬಡಿಯಾಕ ಕುಂತರ ಹಿಟ್ಟೇ ಇರಂಗಿಲ್ಲ. ಆ ಎಮ್ಮಿ ನೋಡು, ಹ್ಯಾಂಗ ದಪ್ಪ ಆಗ್ಯದ" ಎಂದು ಅತ್ತೆ ನನ್ನ ಹತ್ತಿರ ದೂರುತ್ತಿದ್ದರು.

ಒಂದು ದಿನ ನಾನು ಅಲ್ಲೇ ಚಹಾ ಕುಡಿಯುತ್ತಿದ್ದಾಗ ಹಾಲಿನ ಟೆಂಪೋದವನು ಬಂದ. "ಮಾಮಾರ, ಗುಂಡು ಭಾಳ ಛಂದ ಅದ. ಖರೆ, ಹೆಬ್ಬಟ್ಟಿನ ಜಾಗದಾಗ ಕಿರಿಬೆರಳು ಕುಂಡ್ರತದ್ರೀ" ಎಂದ.

ಮಾಮಾ ನೋಟಬುಕ್ಕು ತೆಗೆದು ನೋಡಿದರು. "ಅಳತಿ ಬರೋಬ್ಬರಿ ಅದಲ್ಲ? ಬಲಗೈ ಕೊಟ್ಟಿದ್ದಿ."

"ಹೌದ್ರೀ. ಆದರ ಗೇರ್ ಹಾಕೂದು ಎಡಗೈಲೆ ಅಲ್ಲೇನ್ರೀ?"

"ಎಡಗೈಲೆ? ಮತ್ತ ಎಡಗೈ ಯಾಕ ಕೊಡಲಿಲ್ಲ?"

ಅವನು ನಾಲಿಗೆ ಕಚ್ಚಿಕೊಂಡ. "ಅದು ರೊಟ್ಟಿ ಹಿಟ್ಟು ಅಲ್ಲೇನ್ರೀ ಮಾಮಾರ. ಎಡಗೈ ಹ್ಯಾಂಗ ಹಚ್ಚಲಿ?"

ಕಾರಿನಲ್ಲಿ ಕಣ್ಣು ಮುಚ್ಚಿ ಕೂರುವವರಿಗೆ ಗೇರು ಯಾವ ಕೈಗೆ ಇರುತ್ತದೆಂದು ತಿಳಿಯುವುದಾದರೂ ಹೇಗೆ? ತಿಳಿದ ಗಿರಾಕಿಗಳೆಲ್ಲ, ಅತ್ತೆಯ ಎದುರಿಗೆ ತಿನ್ನುವ ಹಿಟ್ಟಿಗೆ ಎಡಗೈ ಹಚ್ಚುವುದು ಹೇಗೆಂದು ಮರ್ಯಾದೆಯಿಂದ ಬಲಗೈಯನ್ನೇ ಕೊಟ್ಟಿದ್ದರು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ದಿನವೂ ಅಲ್ಲೇ ಕೂತು ಚಹಾ ಕುಡಿದ ಗಣಿತದ ಮೇಡಂ ಆದ ನನಗೂ ಹೊಳೆದಿರಲಿಲ್ಲ. ಮಾಮಾ ಎಲ್ಲರ ಎಡಗೈ ಅಳತೆಗೆ ಮತ್ತೆ ಹಿಟ್ಟು ಕೇಳಿದರು. ಅತ್ತೆ ಸಾಫ್ ಹೇಳಿಬಿಟ್ಟರು: "ಮಂದಿ ಎಡಗೈ ನನ್ನ ಹಿಟ್ಟಿಗೆ ಹತ್ತೂದು ಬ್ಯಾಡ." ಹೀಗಾಗಿ ಎಲ್ಲವನ್ನೂ ಬಿಚ್ಚಿಸಿ ತಂದು, ಯಾವ ಕೈಗಾದರೂ ನಡೆಯುವಂತೆ ದುಂಡಗೆ ಕಡೆದು ಕೊಟ್ಟರು.

ಅಷ್ಟರಲ್ಲಿ ಬೇಸಿಗೆ ಬಂತು. ನಮ್ಮ ಊರಿನ ಬಿಸಿಲು, ಅದರಲ್ಲಿ ನಿಂತ ಕಾರು, ಅದರೊಳಗೆ ಹಿತ್ತಾಳೆಯ ಗುಂಡು! ಶಾಲಾ ವ್ಯಾನಿನ ಡ್ರೈವರು ಸುಟ್ಟ ಅಂಗೈಗೆ ಊದಿಕೊಳ್ಳುತ್ತಾ ಬಂದು ನಿಂತ. ಮಾಮಾ ಗುಂಡನ್ನೂ ಅವನ ಅಂಗೈಯನ್ನೂ ನೋಡಿ, ಗುಂಡುಗಳಿಗೆ ತೊಡಿಸಲು ಕುಲಾವಿ ಹೊಲಿಯೆಂದು ಅತ್ತೆಗೆ ಹೇಳಿದರು. ಕೂಸುಗಳ ತಲೆಗೆ ಕಟ್ಟುತ್ತೇವಲ್ಲ, ಅದೇ ಕುಲಾವಿ. ಅಂಗಳದಲ್ಲಿ ಒಣಗಲು ಹಾಕಿದ್ದನ್ನು ನೋಡಿ ನೆರೆಮನೆಯವರು, "ಯಾರಿಗೆ ಕೂಸು ಆಗ್ಯದ್ರೀ?" ಎಂದು ಕೇಳಿದರು.

"ನಮ್ಮನ್ಯಾಗೇ. ಇಪ್ಪತ್ತೊಂದು ಆಗ್ಯಾವ" ಎಂದರು ಅತ್ತೆ.

ಇದನ್ನೆಲ್ಲ ಹೇಗೋ ಅರ್ಥ ಮಾಡಿಕೊಳ್ಳಬಹುದು. ಬಾಳೆಹಣ್ಣಿನ ವಿಷಯ ಮಾತ್ರ ನನ್ನ ತಲೆ ಕೆಡಿಸಿತು. ಒಂದು ಬೆಳಗ್ಗೆ ಮಾಮಾ ನನ್ನನ್ನು ಕರೆದು, "ಅವ್ವಿ, ಕಮಲಾಪುರದಿಂದ ಬರೂ ಮುಂದ ಒಂದು ಕೆಂಪು ಬಾಳಿಹಣ್ಣು ತಾ" ಎಂದರು. ಸಂಜೆ ಹಣ್ಣು ಹಿಡಿದು ಬಂದೆ. ಬಲಗೈ ಚಾಚಿದರೆ ತೆಗೆದುಕೊಳ್ಳಲಿಲ್ಲ.

"ಎಡಗೈಲೆ ಕೊಡು" ಎಂದರು.

ಚಿಕ್ಕಂದಿನಲ್ಲಿ ಎಡಗೈಯಲ್ಲಿ ಪೆನ್ಸಿಲ್ ಕೊಟ್ಟಿದ್ದಕ್ಕೆ ನನ್ನ ಕೈಮೇಲೆ ಹೊಡೆದವರು ಇದೇ ಮಾಮಾ. ಕೊಟ್ಟೆ. ಹಣ್ಣನ್ನು ನೋಡುವ ಬದಲು ನನ್ನ ಬೆರಳುಗಳನ್ನೇ ನೋಡಿದರು. ಆಮೇಲೆ ಹಣ್ಣಿಗೆ ವರ್ನಿಯರ್ ಹಚ್ಚಿ, ಬರೆದುಕೊಂಡು, "ತಿನ್ನು" ಎಂದು ನನಗೇ ವಾಪಸು ಕೊಟ್ಟರು. ಮರುದಿನ ಮತ್ತೆ ಹಣ್ಣು, ಮತ್ತೆ ಎಡಗೈ, ಮತ್ತೆ ವರ್ನಿಯರ್. "ಇದು ಸಣ್ಣ ಆತು, ನಾಳಿ ಸ್ವಲ್ಪ ದಪ್ಪಂದು ನೋಡು" ಎಂದರು. ಎರಡು ವಾರ ಹೀಗೇ ನಡೆಯಿತು. ಹಣ್ಣಿನಂಗಡಿಯ ಅಜ್ಜಿ ನನ್ನನ್ನು ಕಂಡೊಡನೆ ಗೊನೆಯಲ್ಲಿ ದಪ್ಪನೆಯದನ್ನು ಆರಿಸಿ ಇಡತೊಡಗಿದಳು.

"ಅತ್ತಿ, ಮಾಮಾಗ ಏನರ ಆಗ್ಯದೇನು?" ಎಂದು ಮೆಲ್ಲಗೆ ಕೇಳಿದೆ.

"ನನಗೂ ತಿಳಿವಲ್ದು ಮಗಳ. ನಿನ್ನೆ ಸೌತಿಕಾಯಿಗೂ ಹಚ್ಚಿ ನೋಡ್ಯಾರ."

ಒಂದು ಸಂಜೆ ನನಗೆ ಸಿಟ್ಟೇ ಬಂತು. ಬಸ್ಸಿನಲ್ಲಿ ನಿಂತು ಬಂದಿದ್ದೆ, ಕೈ ನೋಯುತ್ತಿತ್ತು. "ಮಾಮಾ, ಊರ ಮಂದಿಗೆಲ್ಲ ಮಾಡಿಕೊಟ್ಟೀರಿ. ನನ್ನ ಕಾರು ಯುಗಾದಿ ಆದ ಮ್ಯಾಲ ಹೋಗ್ತದ, ನಿಮಗ ಗೊತ್ತದೇನು?" ಎಂದೆ.

"ಗೊತ್ತದ" ಎಂದು ಹಣ್ಣನ್ನು ಅಳೆಯತೊಡಗಿದರು. ನಾನು ಎದ್ದು ಬಂದೆ.

ಯುಗಾದಿಗೆ ನಾಲ್ಕೇ ದಿನ ಇತ್ತು. ಶನಿವಾರ ಮಧ್ಯಾಹ್ನ ಮಾಮಾನಿಂದ ಕರೆ ಬಂತು, ಹೋದೆ. ಮಾಮಾ ಲೇತಿನ ಪಕ್ಕ ನಿಂತಿದ್ದರು. ಅತ್ತೆ ಅಡುಗೆಮನೆಯಿಂದ ತಾವೇ ಹಿಟ್ಟಿನ ಉಂಡೆ ಹಿಡಿದು ಬಂದರು.

"ಎಡಗೈ ಕೊಡು, ಮಗಳ."

"ಅತ್ತಿ, ರೊಟ್ಟಿ ಹಿಟ್ಟು."

"ಗೊತ್ತದ. ನಿನ್ನ ಕೈಯೇ ಅಲ್ಲೇನು ಅದೂ?"

ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಅತ್ತೆಯೇ ಹಿಟ್ಟಿನ ಮೇಲೆ ಕೂರಿಸಿದರು. ಮಾಮಾ ಅಳೆದುಕೊಂಡು, ಲೇತಿಗೆ ಆಗಲೇ ಕಟ್ಟಿದ್ದ ಹಿತ್ತಾಳೆಯ ಕಡೆ ತಿರುಗಿದರು. ಕೆಂಪು ಬಾಳೆಹಣ್ಣಿನ ದಪ್ಪ, ಅರ್ಧ ಹಣ್ಣಿನ ಉದ್ದ. ಮೈಮೇಲೆ ಜೋಳದ ತೆನೆಯಂತೆ ಸಣ್ಣ ಸಣ್ಣ ಕಚ್ಚು. ಮಷೀನಿನಿಂದ ಕಣ್ಣು ತೆಗೆಯದೆಯೇ ಹೇಳಿದರು: "ಆ ಸಣ್ಣ ಗುಂಡಿಗೆ ನಿನ್ನ ಕೈ ಮುಚ್ಚಂಗಿಲ್ಲ. ಇಷ್ಟು ದಪ್ಪಕ್ಕ ಮುಚ್ಚತದ, ದಿನಾ ನೋಡೇನಿ. ತೂಕ ಇದ್ದರ ಗೇರ್ ತಾನೇ ಸರೀತದ, ಕೈಗೆ ಜೋರು ಬೇಕಾಗಂಗಿಲ್ಲ."

"ಮತ್ತ ಮೊದಲೇ ಯಾಕ ಮಾಡಲಿಲ್ಲ ಮಾಮಾ?"

"ನನಗೇನು ಕಾರಿನ ಗೇರ್ ತಿಳೀತದ? ಮಂದೀದು ಇಪ್ಪತ್ತೊಂದು ಕೆಡಿಸಿ ಕಲಿತೆ. ನಿಂದು ಕೆಡಿಸಿದ್ದರ ನೀ ಮತ್ತ ಕಾರಿನ ಹಂತ್ಯಾಕ ಹೋಗತಿದ್ದಿಲ್ಲ."

ಅತ್ತೆ ಒಂದು ಕುಲಾವಿ ತಂದು ಕೊಟ್ಟರು. ತಮ್ಮ ಮದುವೆಯ ಕುಪ್ಪಸದ ಖಣದಲ್ಲಿ ಹೊಲಿದದ್ದು.

ಮರುದಿನ ಭಾನುವಾರ ಗುಂಡು ಕೂರಿಸಿ, ಕಾರು ಚಾಲು ಮಾಡಿದೆ. ಮುಂದಿನ ಬಾಗಿಲು ತೆರೆಯಿತು. ಮಾಮಾ ಒಂದು ಬುತ್ತಿಯ ಗಂಟು ಹಿಡಿದು ನನ್ನ ಪಕ್ಕದ ಸೀಟಿನಲ್ಲಿ ಕೂತರು. ಕಮಲಾಪುರದ ತನಕ ಊರು ಬಂತೇನು ಎಂಬ ಪ್ರಶ್ನೆಯಿಲ್ಲ, ಕಣ್ಣೂ ಮುಚ್ಚಲಿಲ್ಲ. ಉದ್ದಕ್ಕೂ ನನ್ನ ಎಡಗೈಯನ್ನೇ ನೋಡುತ್ತಿದ್ದರು. ಮಹಾಗಾಂವ ಕ್ರಾಸಿನಲ್ಲಿ ಮುಂದಿನ ಲಾರಿ ಗಕ್ಕನೆ ನಿಂತಿತು. ಕೈ ಜಾರಲಿಲ್ಲ. ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಗೇರು ನನ್ನ ಮಾತು ಕೇಳಿತು.

ಶಾಲೆಯ ಮುಂದೆ ನಿಲ್ಲಿಸಿ ಯಜಮಾನರಿಗೆ ಫೋನು ಮಾಡಿದೆ. "ತಾಜಸುಲ್ತಾನಪುರದವರಿಗೆ ಬರೂದು ಬ್ಯಾಡ ಅಂತ ಹೇಳ್ರಿ" ಎಂದೆ. ಆಮೇಲೆ ನಾನು ಬಿದ್ದ ಅದೇ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಮಾಮಾನ ಅಂಗಿ ಬೆವರಿನಿಂದ ಪೂರ್ತಿ ತೊಯ್ದಿತ್ತು.

"ಅಂಜಿಕಿ ಆತೇನು ಮಾಮಾ?"

"ಭಾಳ ಆತು" ಎಂದು ಬುತ್ತಿ ಬಿಚ್ಚಿದರು. ಒಳಗೆ ಒಂದು ರೊಟ್ಟಿ, ಮೇಲೆ ಒಂದಿಷ್ಟು ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ. "ನಿನ್ನೆ ನೀ ಹಿಡಿದ ಹಿಟ್ಟಿಂದು. ನಿಮ್ಮತ್ತಿ ಎಮ್ಮಿಗಿ ಹಾಕಲಿಲ್ಲ."

ರೊಟ್ಟಿಯನ್ನು ಎರಡು ಭಾಗ ಮಾಡಿ, ಒಂದನ್ನು ಎಡಗೈಯಲ್ಲಿ ನನ್ನ ಮುಂದೆ ಹಿಡಿದರು. ನಾನೂ ಎಡಗೈ ಚಾಚಿಯೇ ತೆಗೆದುಕೊಂಡೆ.