ಬಾವನ ಮೂಗು, ನನ್ನ ನಾಲಿಗೆ

ಈ ವಿಷಯ ಬರೆಯಬೇಕು ಅಂತ ನಾನು ಪೆನ್ನು ಹಿಡಿಯುತ್ತಿರುವುದು ಇದು ಆರನೆಯ ಸಲ. ಒಂದು ಸಲ ಶಾಯಿ ಮುಗಿದಿತ್ತು. ಒಂದು ಸಲ ಕನ್ನಡಕ ಸಿಗಲಿಲ್ಲ. ಇನ್ನೊಂದು ಸಲ ಹಸು ಹಗ್ಗ ಕಿತ್ತುಕೊಂಡು ಪಕ್ಕದವರ ಭತ್ತಕ್ಕೆ ನುಗ್ಗಿತು. ಉಳಿದೆರಡು ಸಲ ಯಾವ ಅಡ್ಡಿಯೂ ಇರಲಿಲ್ಲ, ಅದಕ್ಕೇ ಹೆದರಿಕೆಯಾಗಿ ಎದ್ದು ಹೋದೆ. ಇವತ್ತು ಹಸುವನ್ನು ಎರಡು ಹಗ್ಗದಲ್ಲಿ ಕಟ್ಟಿ ಕೂತಿದ್ದೇನೆ.

ನಮ್ಮ ಬಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಈ ಪ್ರಪಂಚವನ್ನು ಕಣ್ಣಿನಿಂದ ನೋಡಿದವರೇ ಅಲ್ಲ. ದೇವರು ಅವರಿಗೆ ಎರಡು ಕಣ್ಣು ಕೊಟ್ಟದ್ದು ಮೂಗಿಗೆ ದಾರಿ ತೋರಿಸಲಿ ಅಂತ ಇರಬೇಕು! ಚಿನಕುರಳಿ ಕಡೆಯವರು. ಸ್ವಂತ ಜಮೀನು, ಸ್ವಂತ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಬೆಲ್ಲದ ಹದಕ್ಕೆ ಬಂತೋ ಇಲ್ಲವೋ ಅನ್ನುವುದನ್ನು ಬೇರೆಯವರು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಬಾವ ಇಪ್ಪತ್ತು ಅಡಿ ದೂರದಲ್ಲಿ ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, "ಈಗ ಇಳಿಸ್ರಲಾ" ಅನ್ನುತ್ತಿದ್ದರು. ಇಳಿಸಿದರೆ ಹದ ಸರಿಯಾಗಿರುತ್ತಿತ್ತು. ಒಮ್ಮೆ ಕೆ.ಆರ್. ಪೇಟೆಯ ವ್ಯಾಪಾರಿಯೊಬ್ಬ ಪರೀಕ್ಷೆ ಮಾಡೋಣವೆಂದು ಎಲ್ಲಿಂದಲೋ ಒಂದು ಅಚ್ಚು ಬೆಲ್ಲ ತಂದುಕೊಟ್ಟ. ಬಾವ ಮೂಸಿ, ಇದು ತೊಣ್ಣೂರು ಕೆರೆ ನೀರಿನ ಕಬ್ಬು, ಕಡಿದ ಮೇಲೆ ಮೂರು ದಿನ ಬಿಸಿಲಿಗೆ ಬಿದ್ದಿತ್ತು, ಇದನ್ನು ಕಾಸಿದವನು ಕೊನೆಯಲ್ಲಿ ಬೀಡಿ ಸೇದಲು ಎದ್ದು ಹೋಗಿದ್ದಾನೆ ಅಂದರು. ವ್ಯಾಪಾರಿ ತಲೆ ತಗ್ಗಿಸಿದ. ಕಾಸಿದವನು ಅವನ ತಮ್ಮನೇ.

ಇಂಥ ಮೂಗನ್ನು ಊಟಕ್ಕೆ ಕರೆದುಕೊಂಡು ಹೋಗುವುದು ಕಷ್ಟ. ನಾಗಮಂಗಲದ ನೆಂಟರ ಮನೆಯಲ್ಲಿ ಪಂಕ್ತಿಗೆ ಕೂತಿದ್ದೆವು. ಬಾವ ಎಲೆಯ ಮೇಲೆ ಬಗ್ಗಿ, "ಸಾರು ನಿನ್ನೇದು" ಅಂದುಬಿಟ್ಟರು. ಇಡೀ ಸಾಲಿನ ಕೈ ಅರ್ಧದಲ್ಲೇ ನಿಂತಿತು. ಮನೆಯಾಕೆ ಸೌಟು ಹಿಡಿದುಕೊಂಡೇ ಬಂದರು. ನಾನು ಎಲೆ ಬಿಟ್ಟು ಓಡುವುದೋ ಕೂರುವುದೋ ಅಂತ ನೋಡುತ್ತಿದ್ದರೆ ಬಾವ ಸಾವಧಾನವಾಗಿ, "ನಿನ್ನೇದಾದ್ರೆ ಏನವ್ವ, ಉಳಿ ಇಳಿದು ರುಚಿ ಕೂಡ್ಕಂಡದೆ. ಇನ್ನೊಂದ್ ಸೌಟು ಬುಡು" ಅಂದರು. ಆಕೆ ಎರಡು ಸೌಟು ಬಿಟ್ಟರು!

ನನ್ನನ್ನೂ ಅವರು ಮೂಸಿದ್ದುಂಟು. ನಾನು ಹೆಣ್ಣು ನೋಡಲು ಹೋದ ದಿನ, ಹಿಂದಿನ ಬೀದಿಯಲ್ಲಿ ಕದ್ದು ಬೀಡಿ ಸೇದಿ, ಸೀಬೆ ಎಲೆ ಅಗಿದುಕೊಂಡು ಒಳಗೆ ಕಾಲಿಟ್ಟಿದ್ದೆ. ನನಗೆ ಯಾವ ಚಟವೂ ಇಲ್ಲ ಅಂತ ನಮ್ಮಪ್ಪ ಹೇಳುತ್ತಿರುವಾಗಲೇ ಬಾವ ನನ್ನ ಪಕ್ಕ ಬಂದು ಕೂತರು. ಮೂಗಿನ ಹೊಳ್ಳೆ ಒಂದು ಸಲ ಅರಳಿತು. ಆಮೇಲೆ ಕಿವಿಯ ಹತ್ತಿರ ಬಗ್ಗಿ, ಸೀಬೆ ಎಲೆಗೆ ಬೀಡಿ ವಾಸನೆ ಹೋಗುವುದಿಲ್ಲ, ಕೊತ್ತಂಬರಿ ಬೀಜ ಅಗಿಯಬೇಕು ಅಂತ ಹೇಳಿ ಎದ್ದು ಹೋದರು. ಯಾರಿಗೂ ತಿಳಿಸಲಿಲ್ಲ.

ಎಂಟು ವರ್ಷದ ಹಿಂದೆ ನನ್ನ ಒಬ್ಬಳೇ ಮಗಳಿಗೆ ಮೈಸೂರಿನ ಸಂಬಂಧವೊಂದು ಕೂಡಿಬರುವ ಹಾಗಿತ್ತು. ಹುಡುಗನ ತಂದೆ ನಿವೃತ್ತ ಎಂಜಿನಿಯರು. ಅವರು ಫೋನು ಮಾಡಿ, ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಡದಲ್ಲಿ ಭಾನುವಾರ ದೊಡ್ಡ ವೈನ್ ಮೇಳವಿದೆ, ಅಲ್ಲೇ ಬನ್ನಿ, ನಾಲ್ಕು ಮಾತಾಡೋಣ ಅಂದರು. ನಾನು ವೈನು ಕಂಡವನಲ್ಲ. ಆದರೆ ಮೈಸೂರಿನ ಬೀಗರ ಮುಂದೆ ಹಾಗನ್ನುವುದು ಹೇಗೆ? ಖಂಡಿತ ಸಾರ್, ನನಗೂ ಅದರಲ್ಲಿ ಆಸಕ್ತಿ ಅಂದೆ. ನನ್ನ ಹೆಂಡತಿ, ಅಣ್ಣನನ್ನೂ ಕರೆದುಕೊಂಡು ಹೋಗಿ, ಸೋದರಮಾವನಾದವನು ಗಂಡಿನ ಕಡೆಯವರನ್ನು ನೋಡಬೇಡವೇ ಅಂದಳು. ಅದೂ ನ್ಯಾಯವೇ. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ. ಬಾವನಿಗೆ ಹೆಣ್ಣುಮಕ್ಕಳಿಲ್ಲ. ನನ್ನ ಮಗಳು ತೊಟ್ಟಿಲಲ್ಲಿದ್ದಾಗಿನಿಂದಲೂ ಇವಳನ್ನು ಹಸೆಗೆ ಕರೆತರುವವನು ನಾನೇ ಅಂತ ಊರಿಗೆಲ್ಲ ಹೇಳಿಕೊಂಡು ಬಂದವರು.

ಮೇಳವೆಂದರೆ ಏನು ಮೇಳ! ತೆಂಗಿನ ಮರಗಳ ನಡುವೆ ಬಿಳಿ ಡೇರೆಗಳು, ಹೊಳೆಯ ಗಾಳಿ, ಯಾರೋ ಗಿಟಾರು ಬಾರಿಸುತ್ತಿದ್ದರು. ಒಂದು ತೊಟ್ಟಿಯಲ್ಲಿ ಹೆಣ್ಣುಮಕ್ಕಳು ಜೀನ್ಸ್ ಮಡಚಿಕೊಂಡು ನಗುನಗುತ್ತಾ ದ್ರಾಕ್ಷಿ ತುಳಿಯುತ್ತಿದ್ದರು. ನೂರಾರು ಜನ ಲೋಟವನ್ನು ಗಿರಗಿರ ತಿರುಗಿಸಿ, ಒಂದು ಗುಟುಕು ಬಾಯಿಗೆ ಹಾಕಿ, ಗುಳುಗುಳು ಮಾಡಿ, ಬಕೆಟ್ಟಿಗೆ ಉಗಿಯುತ್ತಿದ್ದರು. ಉಗಿಯುವುದಕ್ಕೆ ಇಷ್ಟು ದೂರ ಬರಬೇಕಿತ್ತೇ ಅಂತ ನನಗೆ ಅನ್ನಿಸಿತು.

ಬಾವನಿಗೆ ಮಾತ್ರ ಅದು ಸ್ವರ್ಗ. ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಹೆಗಲಿಗೆ ಬೆಲ್ಲದ ಕಲೆಯ ಟವೆಲು. ಒಂದು ಹನಿಯನ್ನೂ ಬಾಯಿಗಿಡದೆ ಮೇಜಿನಿಂದ ಮೇಜಿಗೆ ಲೋಟ ಮೂಸುತ್ತಾ ನಡೆದರು. ಬೆಂಗಳೂರಿನ ಒಬ್ಬ ಅಜ್ಜಿಯ ಲೋಟ ಮೂಸಿ, ಇದು ಬೇಡ, ಆ ಮೂಲೆಯದು ತಗೊಳ್ಳಿ ಅಂದರು. ಆಕೆ ಅದನ್ನು ಕುಡಿದು ನೋಡಿ, ಗಂಡನನ್ನೂ ಕರೆತಂದರು. ಅರ್ಧ ಗಂಟೆಯಲ್ಲಿ ಬಾವನ ಮುಂದೆ ಲೋಟ ಚಾಚಿಕೊಂಡು ಒಂದು ಸಾಲೇ ನಿಂತಿತ್ತು. ನಾನು ಮದುವೆಯ ಕಾಲದ ಬೂಟು ಕಚ್ಚುತ್ತಿದ್ದ ಕಾಲಲ್ಲಿ, ಇವರು ಯಾರೋ ನನಗೆ ತಿಳಿಯದು ಅನ್ನುವ ಹಾಗೆ ನಾಲ್ಕು ಮಾರು ದೂರ ನಿಂತಿದ್ದೆ.

ಅಷ್ಟರಲ್ಲಿ ಎಂಜಿನಿಯರು ಬಂದರು. ಕರಿ ಕೋಟು, ಮಿಂಚುವ ಬೂಟು. ನಾನು ಕೈಮುಗಿದು ಬಾಯಿ ತೆರೆಯುವುದರೊಳಗೆ ಬಾವ ಸಾಲು ಬಿಟ್ಟು ಬಂದು, ಅವರ ಹೆಗಲಿನ ಹತ್ತಿರ ಮೂಗು ಒಯ್ದು, "ನುಸಿಗುಳಿಗೆ. ಕೋಟು ಇವತ್ತೇ ಪೆಟ್ಗೆಯಿಂದ ತಗ್ದೀರಿ ಅಲ್ವರಾ?" ಅಂದರು.

ಎಂಜಿನಿಯರು ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ಕಡೆ ತಿರುಗಿ, "ಯಾರಿವರು?" ಅಂದರು.

ಉತ್ತರಕ್ಕೆ ಎಷ್ಟು ಹೊತ್ತು ಬೇಕು? ನನ್ನ ಬಾವ ಅನ್ನುವುದಕ್ಕೆ ಒಂದು ಉಸಿರು ಸಾಕು. ನಾನು ಆ ಪಂಚೆ ನೋಡಿದೆ, ಆ ಟವೆಲು ನೋಡಿದೆ, ಆ ಕೋಟು ನೋಡಿದೆ. "ನಮ್ಮ ಗದ್ದೆ ಆಳು, ಸಾರ್. ಬ್ಯಾಗು ಹಿಡ್ಕೊಳ್ಳೋಕೆ ಕರ್ಕೊಂಡು ಬಂದೆ" ಅಂದೆ. ನನ್ನ ಹತ್ತಿರ ಬ್ಯಾಗೇ ಇರಲಿಲ್ಲ.

ಬಾವ ಎರಡು ಅಡಿ ದೂರದಲ್ಲಿದ್ದರು. ನನ್ನ ಮುಖ ನೋಡಿದರು. ಮತ್ತೆ ಹೆಗಲಿನ ಟವೆಲು ತೆಗೆದು ಕಂಕುಳಲ್ಲಿಟ್ಟುಕೊಂಡು ನನ್ನ ಹಿಂದೆ ಬಂದು ನಿಂತರು. ಯಜಮಾನನ ಹಿಂದೆ ಆಳು ನಿಲ್ಲುವ ಹಾಗೆ.

ಅಲ್ಲಿಗೇ ಮುಗಿದಿದ್ದರೆ ನಾನು ಅರ್ಧ ಪಾಪಿ. ಆ ಬೆಂಗಳೂರಿನ ಅಜ್ಜಿ ಹೋಗಿ ಮೇಳದ ಮುಖ್ಯಸ್ಥನನ್ನೇ ಕರೆತಂದರು. ಆತ ಮೂರು ಲೋಟ ಇಟ್ಟ. ಬಾವ ಕಣ್ಣು ಮುಚ್ಚಿ ಮೂಸಿದರು. ಮೊದಲನೆಯದರ ಹಣ್ಣಿಗೆ ಕೊಯ್ಲಿನ ಹೊತ್ತಲ್ಲಿ ಮಳೆ ಬಿದ್ದಿದೆ ಅಂದರು. ಎರಡನೆಯದಕ್ಕೆ ಮರದ ವಾಸನೆಯೇ ಇಲ್ಲ ಅಂದರು. ಮೂರನೆಯದನ್ನು ಬಹಳ ಹೊತ್ತು ಹಿಡಿದುಕೊಂಡು, "ಇದ್ರ ಪೀಪಾಯಿನ ಒಳಗಡೆಯಿಂದ ಬೆಂಕಿಲಿ ಬಾಡಿಸವ್ರೆ. ಸೀದಿಲ್ಲ, ಬೇಕು ಅಂತ್ಲೇ ಸೀಯಿಸಿರದು" ಅಂದರು. ಮುಖ್ಯಸ್ಥ ಬಾವನ ಕೈ ಹಿಡಿದುಕೊಂಡು ವೇದಿಕೆಗೆ ಕರೆದೊಯ್ದ. ಮೈಕು ಮುಂದೆ ಹಿಡಿದು, ನೀವು ಯಾರು, ಈ ವಿದ್ಯೆ ಎಲ್ಲಿ ಕಲಿತಿರಿ ಅಂತ ಕೇಳಿದ.

ಈಗ ನಿಜ ಹೊರಬಿದ್ದರೆ ಸುಳ್ಳುಗಾರನ ಮಗಳನ್ನು ಯಾರು ತಂದುಕೊಳ್ಳುತ್ತಾರೆ? ಬಾವ ಜನರ ಮೇಲಿನಿಂದ ನನ್ನನ್ನು ಹುಡುಕಿದರು.

"ನಾನು ಅಗೋ, ಆ ಯಜಮಾನ್ರ ಮನೆ ಆಳು ಸೋಮಿ. ಎಲ್ಲಾನೂವೆ ಅವ್ರೇ ಕಲ್ಸಿದ್ದು" ಅಂದರು.

ಚಪ್ಪಾಳೆ! ಜನ ನನ್ನ ಕಡೆ ತಿರುಗಿದರು. ಬಹುಮಾನದ ಬಾಟಲಿ ಯಜಮಾನರಿಗೇ ಸಲ್ಲಬೇಕೆಂದು ನನ್ನ ಕೈಗಿಟ್ಟರು. ಎಂಜಿನಿಯರು ನನ್ನ ಬೆನ್ನು ತಟ್ಟಿ, ಆಳೇ ಹೀಗಿದ್ದರೆ ಮನೆತನ ಹೇಗಿರಬೇಕು ಅಂದರು. ಸಂಬಂಧ ಅಲ್ಲೇ ಗಟ್ಟಿಯಾಯಿತು.

ಪಾಂಡವಪುರದ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ತಪ್ಪಾಯಿತು ಬಾವ ಅನ್ನಬೇಕೆಂದು ಮೂರು ಸಲ ಗಂಟಲು ಸರಿಮಾಡಿಕೊಂಡೆ. ಅವರು ಕಿಟಕಿಯಾಚೆ ನೋಡುತ್ತಾ, "ಬೀಗ್ರು ಒಳ್ಳೇರು ಕಣ್ ಬಾವ. ಕೋಟ್ನ ಮಾತ್ರ ಒಸಿ ಬಿಸ್ಲಿಗಾಕ್ಬೇಕು" ಅಂದರು. ನಾನು ನಕ್ಕೆ. ನಕ್ಕುಬಿಟ್ಟ ಮೇಲೆ ಆ ಮಾತು ಹಿಂದಕ್ಕೆ ಹೋಯಿತು.

ಮದುವೆಗೆ ತಿಂಗಳಿದ್ದಾಗ ಬಾವ ಒಬ್ಬರೇ ಬಂದರು. ನನ್ನನ್ನು ಕೊಟ್ಟಿಗೆಯ ಹತ್ತಿರ ಕರೆದು, "ಅವ್ರು ನನ್ನ ಗುರ್ತು ಇಡೀತಾರೆ. ಮಗೀಗೆ ತೊಂದ್ರೆ ಆಯ್ತದೆ. ನನ್ ತಮ್ಮ ಅಸೆಗೆ ಕರ್ಕೊಂಡ್ ಬತ್ತಾನೆ ಬುಡಿ. ನಂಗೆ ಮಂಡಿ ನೋವು ಅಂದ್ಬುಡಿ" ಅಂದರು.

ಬೇಡ ಬಾವ, ನಾನು ಬೀಗರಿಗೆ ನಿಜ ಹೇಳುತ್ತೇನೆ ಅನ್ನಬಹುದಿತ್ತಲ್ಲವೇ? ನಾನು ಆಯ್ತು ಅಂದೆ. ಅಷ್ಟೇ ಅಂದದ್ದು.

ಮದುವೆಯ ದಿನ ಬಾವ ಛತ್ರದ ಹಿಂಬಾಗಿಲಿನಿಂದ ಬಂದು ಅಡಿಗೆಮನೆಯಲ್ಲೇ ಇದ್ದರು. ಶಾವಿಗೆ ಪಾಯಸಕ್ಕೆ ಏಲಕ್ಕಿ ಸಾಲದು ಅಂದರಂತೆ. ವಾಲಗ ಜೋರಾದಾಗ, ಅವರ ತಮ್ಮ ನನ್ನ ಮಗಳ ಕೈ ಹಿಡಿದು ಹೊರಟಾಗ, ಬಾವ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು ಅಂತ ಅಡಿಗೆಯವರು ಆಮೇಲೆ ಹೇಳಿದರು. ನನ್ನ ಹೆಂಡತಿ, ಒಬ್ಬಳೇ ಸೋದರಸೊಸೆಯ ಮದುವೆಗೆ ಅಣ್ಣ ಹೀಗೆ ಮಾಡಬಾರದಿತ್ತು ಅಂತ ವರ್ಷಗಟ್ಟಲೆ ನೊಂದುಕೊಂಡಳು. ನಾನು ಅವಳ ಜೊತೆ ತಲೆದೂಗಿದೆ. ಹೌದು, ತಲೆದೂಗಿದೆ.

ಈ ಸಲದ ಕಬ್ಬು ಕಡಿಯುವ ಹೊತ್ತಿಗೆ ಬಾವ ಹೋಗಿಬಿಟ್ಟರು. ತಿಥಿಯ ದಿನ ಊಟವೆಲ್ಲ ಆದ ಮೇಲೆ ಮಗಳು ನನ್ನ ಪಕ್ಕ ಬಂದು ಕೂತಳು.

"ಅಪ್ಪ, ಮಂಡಿ ನೋವು ಅಂದೋರು ಅವತ್ತೆಲ್ಲ ಅಡಿಗೆಮನೇಲಿ ನಿಂತೇ ಇದ್ರಂತೆ. ಮಾವಂಗೆ ನನ್ ಮ್ಯಾಲೆ ಏನು ಬೇಜಾರಿತ್ತು?"

"ಗೊತ್ತಿಲ್ಲ ಕಣವ್ವ" ಅಂದೆ.

ಗೊತ್ತಿತ್ತು ಮಗಳೇ. ನಿನ್ನ ಮೇಲೆ ಅವರಿಗೆ ಒಂದು ಎಳ್ಳಿನಷ್ಟೂ ಬೇಜಾರಿರಲಿಲ್ಲ. ನಿನ್ನ ಲಗ್ನಪತ್ರಿಕೆಯಲ್ಲಿ ಸೋದರಮಾವ ಅನ್ನುವ ಕಡೆ ಅವರ ತಮ್ಮನ ಹೆಸರನ್ನು ಅಚ್ಚು ಹಾಕಿಸಿದವನು ನಾನು. ಇದನ್ನು ಮೈಸೂರಿನ ನಿಮ್ಮ ಮಾವನವರಿಗೂ ಓದಿ ಹೇಳು. ಅವರು ಹೊಳೆ ದಡದಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು, ಉತ್ತರ ಇಲ್ಲಿದೆ: ಸಾರ್, ಇವರು ನನ್ನ ಬಾವ, ನನ್ನ ಮಗಳ ಸೋದರಮಾವ, ನಿಂಗೇಗೌಡರು.