ಹಸು ಒಪ್ಪದ ಹೊಳಪು

ಯಾವ ವಸ್ತುವಿನಲ್ಲಿ ತನ್ನ ಮುಖ ಕಾಣುತ್ತದೋ ಅದು ಒಳ್ಳೆಯ ವಸ್ತು ಎಂಬ ನಂಬಿಕೆ ಮನುಷ್ಯನನ್ನು ಸುಲಭವಾಗಿ ಬಿಡುವುದಿಲ್ಲ. ಬಂಗಾರಪೇಟೆಯಲ್ಲಿ ಮನೆ ಕಟ್ಟಿಸುವಾಗ ನನಗೆ ಹಿಡಿದ ಹುಚ್ಚೂ ಇದೇ. ಅಂಗಡಿಯವನು ಕಪ್ಪು ಗ್ರಾನೈಟ್ ಚಪ್ಪಡಿಯೊಂದನ್ನು ಬಟ್ಟೆಯಿಂದ ಒರೆಸಿ, "ಮಿರರ್ ಪಾಲಿಶ್ ಸಾರ್" ಎಂದ. ಅದರಲ್ಲಿ ನಾನು ಕಂಡೆ. ನನ್ನ ಹೊಟ್ಟೆ ಕಲ್ಲಿನ ಕಪ್ಪಿನಲ್ಲಿ ಕರಗಿಹೋಗಿ, ತಕ್ಕಮಟ್ಟಿಗೆ ತೆಳ್ಳಗೂ ಕಂಡೆ. ಬೇರೆ ಕಲ್ಲು ನೋಡುವ ಅಗತ್ಯವೇ ತೋರಲಿಲ್ಲ.

ನನ್ನ ಹೆಂಡತಿ ವಿಮಲಾ ಪಕ್ಕದ ಚಪ್ಪಡಿಯ ಮೇಲೆ ಅಂಗೈ ಆಡಿಸುತ್ತಿದ್ದಳು. ಅದೇ ಕಲ್ಲು, ಆದರೆ ಹೊಳಪಿಲ್ಲ. ಮೈಯೆಲ್ಲ ಹಳೆಯ ಚರ್ಮದ ಹಾಗೆ ಸಣ್ಣ ತರಿತರಿ. ಅದು ಲೆದರ್ ಫಿನಿಷ್ ಅಂತೆ. "ರೀ, ಇದನ್ನೇ ಹಾಕ್ಸೋಣ. ಕಾಲಿಗೆ ಹಿಡಿತ ಸಿಗತ್ತೆ" ಎಂದಳು. "ಹಿಡಿತ ಬೇಕಾದ್ದು ಬಚ್ಚಲಿಗೆ. ಹಾಲ್‌ಗೆ ಬೇಕಾದ್ದು ಕಳೆ" ಎಂದು ನಾನು ತೀರ್ಪು ಕೊಟ್ಟೆ. ಆ ದಿನದಿಂದ ನಮ್ಮಿಬ್ಬರ ಮಾತಿಗೇ ನುಣುಪು ಹೋಗಿ ಲೆದರ್ ಫಿನಿಷ್ ಬಂತು.

ಹಾಲ್‌ನ ಕಲ್ಲು ಹಾಸಿದವನು ಕೆಜಿಎಫ್‌ನ ಗಣಿ ಕಾರ್ಮಿಕರ ನಂದಿದುರ್ಗ ಲೈನಿನ ಸೆಲ್ವರಾಜ್. ಕೆಲಸ ಮುಗಿಸಿ, "ಕಣ್ಣಾಡಿ ಮಾದಿರಿ ಬಂದದೆ ಸಾರ್. ಪಾತ್ತು ನಡೀರಿ" ಎಂದ. ಕನ್ನಡಿ ಎಂದದ್ದಷ್ಟೇ ನನಗೆ ಕೇಳಿಸಿತು. ನೋಡಿಕೊಂಡು ನಡೆಯಿರಿ ಎಂದದ್ದು ಕಾಲು ಜಾರಿದ ಮೇಲೆ ಅರ್ಥವಾಯಿತು. ಆಮೇಲೆ ಗೋಡೆ ಹಿಡಿದೇ ಓಡಾಡತೊಡಗಿದೆ. ವಿಮಲಾ ಕೇಳಿದಾಗ, "ಪ್ಲಾಸ್ಟರ್ ಗಟ್ಟಿಯಿದೆಯಾ ನೋಡ್ತಿದ್ದೀನಿ" ಎಂದೆ. ಇಂಥ ಪರೀಕ್ಷೆಗೆ ಒಳಗಾದ ಗೋಡೆ ತಾಲ್ಲೂಕಿನಲ್ಲೇ ಇನ್ನೊಂದಿರಲಾರದು.

ರೂಮುಗಳಿಗೆ ಕಲ್ಲು ತರಿಸುವ ಮೊದಲೇ ಗೃಹಪ್ರವೇಶದ ಮುಹೂರ್ತ ಬಂತು. ನಮ್ಮ ಅಕ್ಕ ನಂಜಮ್ಮನನ್ನು ಬೂದಿಕೋಟೆ ಕಡೆಗೆ ಕೊಟ್ಟಿದೆ. ಡೈರಿಗೆ ಹಾಲು ಹಾಕಿ ಸಂಸಾರ ತೂಗಿಸುವವಳು. ತನ್ನ ಹಸುವನ್ನೂ ಕರುವನ್ನೂ ಟೆಂಪೋದಲ್ಲಿ ಕರೆತಂದಿದ್ದಳು. ಹಸು ಹೊಸ್ತಿಲವರೆಗೆ ಬಂತು, ನೆಲ ನೋಡಿತು, ನಿಂತಿತು.

"ಏನ್ಲಾ ಸೀನ, ಒಳಗೆ ನೀರು ತುಂಬ್ಸಿ ಮಡಗಿದ್ದೀಯಾ?" ಎಂದಳು ಅಕ್ಕ. "ನನ್ನ ಹಸಾ ಕೆರೆ ಅನ್ಕೊಂಡದೆ ಕಣ್ಲಾ!"

ನೆಂಟರೆಲ್ಲ ನಕ್ಕರು. ಪುರೋಹಿತರು ಮುಹೂರ್ತ ಮೀರುತ್ತದೆಂದು ಅವಸರಪಡಿಸಿದರು. ಅಷ್ಟರಲ್ಲಿ ಕರು ಹಗ್ಗ ಬಿಡಿಸಿಕೊಂಡು ಒಳಗೆ ನುಗ್ಗಿ, ಹಾಲ್‌ನ ನಡುವೆ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚೆಲ್ಲಿ ಕುಸಿದು "ಅಂಬಾ" ಎಂದಿತು. ತಾಯಿ ಇನ್ನು ಕೆರೆಯೋ ಬಾವಿಯೋ ನೋಡಲಿಲ್ಲ. ಒಳಗೆ ಕಾಲಿಟ್ಟಿತು. ಮುಂಗಾಲು ಸರ್ರನೆ ಜಾರಿತು.

"ಅಯ್ಯೋ, ಯಾರೂ ತಳ್ಳಬ್ಯಾಡ್ರೋ! ಕಾಲು ಮುರುದ್ರೆ ನನ್ನ ಬಾಳು ಓಯ್ತದೆ!" ಎಂದು ಅಕ್ಕ ಹಸುವಿನ ಕೊರಳು ತಬ್ಬಿ ನಿಂತಳು. ನಗುತ್ತಿದ್ದವರೆಲ್ಲ ಹಿಂದೆ ಸರಿದರು.

"ರೀ, ಮರಳು!" ಎಂದಳು ವಿಮಲಾ.

ಮನೆ ಮುಂದೆ ಗಾರೆಗೆ ತರಿಸಿ ಉಳಿದ ಮರಳಿನ ರಾಶಿ ಇತ್ತು. ಒಂದು ಕ್ಷಣ ನೆಲದ ಕಡೆ ನೋಡಿದೆ; ನೆಲದೊಳಗಿಂದ ತೆಳ್ಳಗಿನ ನಾನು ಬೇಡಿಕೊಳ್ಳುವವನಂತೆ ನನ್ನನ್ನೇ ನೋಡುತ್ತಿದ್ದೆ. ಆಮೇಲೆ ರೇಷ್ಮೆ ಪಂಚೆ ಎತ್ತಿಕಟ್ಟಿ, ಬಾಂಡಲಿ ತುಂಬ ಮರಳು ಹೊತ್ತು ತಂದು ಆ ಕನ್ನಡಿಯ ಮೇಲೆ ಸುರಿದೆ. ಮತ್ತೆ ತಂದೆ, ಮತ್ತೆ ಸುರಿದೆ. ಹಸು ಮರಳನ್ನು ಮೂಸಿ, ಒಂದು ಕಾಲಿಟ್ಟು ನೋಡಿ, ಇನ್ನೊಂದಿಟ್ಟಿತು. ಕರ್ರ್ ಕರ್ರ್ ಎಂದು ಕಲ್ಲು ಗೀಚಿಸಿಕೊಳ್ಳುವ ಸದ್ದಿನ ನಡುವೆ ಕರುವಿನ ಬಳಿ ಹೋಗಿ ಅದರ ಬೆನ್ನು ನೆಕ್ಕಿತು. ಎರಡೂ ಕುಂಟದೆ ಹೊರಗೆ ಬಂದವು. ಅಕ್ಕ ಜಗಲಿಯ ಮೇಲೆ ಕುಸಿದು ಕೂತು, "ಬದುಕ್ದೆ ಕಣ್ಲಾ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೂ ಆಗಲೇ ಉಸಿರು ಬಂತು.

ಮಾರನೆಯ ದಿನ ಸೆಲ್ವರಾಜ್ ಗೀರುಗಳನ್ನು ನೋಡಿ ತಲೆ ಕೆರೆದುಕೊಂಡ. "ಬ್ರಷ್ ಮೆಷಿನ್ ಹೊಡೆದ್ರೆ ಗೀರು ಹೋಗುತ್ತೆ ಸಾರ್. ಆದ್ರೆ ಹೊಳಪೂ ಹೋಗುತ್ತೆ. ಲೆದರ್ ಫಿನಿಷ್ ಆಗ್ಬಿಡುತ್ತೆ, ಪರವಾಗಿಲ್ಲವಾ?"

"ಏನು ಮಾಡೋದಪ್ಪಾ, ವಿಧಿಯಿಲ್ಲ" ಎಂದು ಬಹಳ ಸಂಕಟದ ಮುಖ ಮಾಡಿ ಒಪ್ಪಿದೆ. ಒಳಗೊಳಗೆ ಹಾಯೆನಿಸಿತ್ತು: ಇನ್ನು ನನ್ನ ಮನೆಯಲ್ಲಿ ನಾನು ಕೈಬೀಸಿ ನಡೆಯಬಹುದು, ಸೋತದ್ದೂ ಹೆಂಡತಿಗಲ್ಲ, ಹಸುವಿಗೆ. ಉಳಿದ ರೂಮುಗಳಿಗೂ ಲೆದರ್ ಫಿನಿಷ್ ಕಲ್ಲನ್ನೇ ತರಿಸಿದೆ.

ಈ ಲೆಕ್ಕಾಚಾರ ವಿಮಲಾಳಿಗೆ ತಿಳಿಯದೆ ಇರಲಿಲ್ಲ. ಈಗ ಪರದೆಯ ಬಣ್ಣವಿರಲಿ, ಅಡುಗೆಮನೆಯ ಕಪಾಟಿರಲಿ, ನಾನು ನನ್ನ ಅಭಿಪ್ರಾಯ ಹೇಳಲು ಬಾಯಿ ತೆರೆದರೆ ಸಾಕು, ಅವಳು ಫೋನ್ ಕೈಗೆತ್ತಿಕೊಳ್ಳುತ್ತಾಳೆ:

"ಸ್ವಲ್ಪ ಇರಿ, ಬೂದಿಕೋಟೆಗೆ ಮಾಡಿ ಹಸೂನ ಒಂದ್ಮಾತು ಕೇಳಿಬಿಡೋಣ."