ಅತ್ತೆಯ ತಲೆಗೆ ನ್ಯಾನೋ ಎಣ್ಣೆ

ಪಿಎಚ್‌ಡಿ ಮಾಡಿದವರೆಲ್ಲ ಮಹಾಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೊದಲು ಮಾರ್ಗದರ್ಶಕರನ್ನು ನೆನೆಯುತ್ತಾರೆ. ನಾನು ಮಂಕಿಯಲ್ಲಿರುವ ನನ್ನ ಅತ್ತೆಯನ್ನು ನೆನೆದಿದ್ದೇನೆ. ಯಂತ್ರದ ಎಣ್ಣೆಯ ಸಂಶೋಧನೆಗೂ ಹೆಂಡತಿಯ ತಾಯಿಗೂ ಏನು ಸಂಬಂಧ ಎಂದು ಕೇಳಿದವರ ಮುಂದೆಲ್ಲ ಸುಮ್ಮನೆ ನಕ್ಕಿದ್ದೇನೆ. ನಿಮಗೆ ಮಾತ್ರ ಹೇಳುತ್ತೇನೆ. ಮಂಕಿಯ ಕಡೆ ಹೋದಾಗ ಬಾಯಿ ಬಿಡಬೇಡಿ.

ನಾನು ಕುಮಟೆಯಲ್ಲಿ ಕಾಲೇಜು ಮಾಸ್ತರ, ಮನೆ ಹೊನ್ನಾವರದಲ್ಲಿ. ತೆಂಗಿನೆಣ್ಣೆಗೆ ಗ್ರಾಫೈಟಿನ ನ್ಯಾನೋ ಕಣ ಬೆರೆಸಿ ಯಂತ್ರಕ್ಕೆ ಹಾಕಿದರೆ ತಿಕ್ಕಾಟವೂ ಸವೆತವೂ ಕಡಿಮೆಯಾಗುತ್ತದೆ ಎಂಬುದು ನನ್ನ ವಾದ. ಗ್ರಾಫೈಟ್ ಎಂದರೆ ಪೆನ್ಸಿಲ್ ಕಡ್ಡಿಯಲ್ಲಿರುವುದೇ, ನ್ಯಾನೋ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಈ ಕಣಗಳು ನನ್ನ ಕ್ಲಾಸಿನ ಹುಡುಗರ ಹಾಗೆ, ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ಗುಂಪು ಕಟ್ಟಿಕೊಂಡು ತಳದಲ್ಲಿ ಹೋಗಿ ಕೂರುತ್ತವೆ. ಕೂತರೆ ಎಣ್ಣೆ ಕೆಲಸಕ್ಕಿಲ್ಲ. “ಸೋಮವಾರ ಎಣ್ಣೆಯ ಬಾಟಲಿ ತನ್ನಿ. ತಳದಲ್ಲಿ ಗಸಿ ಕಂಡರೆ ವಿಷಯವನ್ನೇ ಬದಲಿಸೋಣ” ಎಂದಿದ್ದರು ಮಾರ್ಗದರ್ಶಕರು. ಮದುವೆಗೂ ಮೊದಲು ಶುರುವಾದ ಸಂಶೋಧನೆ ಇದು. “ಅಳಿಯಂದು ಓದು ಇನ್ನೂ ಮುಗೀಲಿಲ್ವನೇ?” ಎಂದು ಅತ್ತೆ ಮಗಳನ್ನು ಕೇಳುವುದು ನನ್ನ ಕಿವಿಗೂ ಬಿದ್ದಿತ್ತು. ಬಾಟಲಿ ಅಲುಗಾಡದಿರಲಿ ಎಂದು ಅದನ್ನು ಮನೆಗೆ ತಂದು ಬಚ್ಚಲ ಪಕ್ಕದ ಗೂಡಿನಲ್ಲಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಭಾನುವಾರ ಅತ್ತೆ ಬಂದರು. ನಾನು ಮೀನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಜಗಲಿಯಲ್ಲಿ ಕೂತು ನನ್ನ ಸಂಶೋಧನೆಯನ್ನು ತಲೆಗೆ ತಿಕ್ಕಿಕೊಳ್ಳುತ್ತಿದ್ದರು. ಗರಗದ ಸೊಪ್ಪು ಹಾಕಿ ಕಾಸಿದ ನಮ್ಮ ಕಡೆಯ ತಲೆ ಎಣ್ಣೆಯೂ ಹೀಗೇ ಕಪ್ಪು, ಅವರದೇನು ತಪ್ಪು? ನಾನು ಬಾಯಿ ತೆರೆಯುವ ಮೊದಲೇ, “ಯಾರು ಕಾಸಿದ್ದು ಅಂತ ಕೇಳ್ದೆ. ನೀವೇ ಮಾಡಿದ್ದು ಅಂದ್ಲು ಮಗಳು. ನಮ್ಮ ಮನೇಲಿ ಗಂಡಸರು ಎಣ್ಣೆ ಕಾಸಿದ್ದು ನಾ ಕಂಡದ್ದೇ ಇಲ್ಲ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿಂದೆ ನಿಂತಿದ್ದ ಹೆಂಡತಿ ನನ್ನತ್ತ ಕಣ್ಣು ಬಿಟ್ಟಳು. “ಹೂಂ” ಎಂದೆ.

ಸಂಜೆ ದೇವಸ್ಥಾನಕ್ಕೆ ಹೊರಟಾಗ ಅವರು ಮುಡಿದ ಭಟ್ಕಳ ಮಲ್ಲಿಗೆ ಜಾರಿ ಬಿತ್ತು. ಮತ್ತೆ ಮುಡಿದರು, ಮತ್ತೆ ಬಿತ್ತು. ಹಿಂದೆಯೇ ತುರುಬೂ ಬಿಚ್ಚಿಕೊಂಡಿತು. “ಎಂತ ಎಣ್ಣೆ ಇದು, ತಲೆ ಮೇಲೆ ಎಂತದೂ ನಿಲ್ಲೂದಿಲ್ಲ” ಎಂದರು. ಪ್ರಯೋಗಾಲಯದಲ್ಲಿ ಇಷ್ಟು ಖಡಾಖಂಡಿತ ಫಲಿತಾಂಶ ನನಗೆ ಎಂದೂ ಸಿಕ್ಕಿರಲಿಲ್ಲ, ಕುಣಿಯುವುದೊಂದು ಬಾಕಿ. ಆದರೂ ಅಳಿಯ ಮಾಡಿದ್ದೆಂದು ಒಂದು ಸಣ್ಣ ಶೀಶೆ ತುಂಬಿಸಿಕೊಂಡೇ ಅತ್ತೆ ಊರಿಗೆ ಹೊರಟರು.

ಸೋಮವಾರ ಮಾರ್ಗದರ್ಶಕರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಗಸಿ ಇರಲಿಲ್ಲ. “ಆತು, ಮುಂದುವರಿಸಿ. ಅರ್ಧ ಎಲ್ಲಿ ಹೋಯ್ತು?” ಎಂದರು. “ಹೊರಗೆ ಪರೀಕ್ಷೆಗೆ ಕೊಟ್ಟಿದ್ದೇನೆ ಸರ್” ಎಂದೆ. ಓದು ಮುಗಿಯಿತೇ ಎಂಬ ಪ್ರಶ್ನೆ ಮಂಕಿಯಿಂದ ಮತ್ತೆ ಬರಲಿಲ್ಲ. ನನಗೇ ನನ್ನ ಎಣ್ಣೆಯ ಮೇಲೆ ನಂಬಿಕೆ ಇಲ್ಲದಿದ್ದಾಗ ನಂಬಿ ತಲೆಗೆ ಹಚ್ಚಿಕೊಂಡವರು ಅವರೊಬ್ಬರೇ. ಆ ಋಣ ದೊಡ್ಡದು.

ದೀಪಾವಳಿಗೆ ಮಂಕಿಗೆ ಹೋದೆವು. ಹಬ್ಬದ ಎಣ್ಣೆಸ್ನಾನಕ್ಕೆ ಅತ್ತೆ ನನ್ನನ್ನು ಮಣೆಯ ಮೇಲೆ ಕೂರಿಸಿ ಅದೇ ಸಣ್ಣ ಶೀಶೆ ತಂದರು. ಒಂದು ಹನಿಯೂ ಖರ್ಚಾಗಿರಲಿಲ್ಲ.

“ಹೂವು ನಿಲ್ಲೂದಿಲ್ಲ ಅಂತ ನಾ ಹಚ್ಲಿಲ್ಲ, ನಿಮಗೇ ಅಂತ ಇಟ್ಟಿದ್ದೆ” ಎಂದು ನನ್ನ ಬೋಳು ತಲೆಯನ್ನು ಅಕ್ಕರೆಯಿಂದ ನೋಡಿದರು. “ಇಲ್ಲಿ ಜಾರೂಕೆ ಎಂತದೂ ಇಲ್ವಲ್ಲ.”

ಇಷ್ಟು ತಿಂಗಳಾದರೂ ಶೀಶೆಯ ತಳದಲ್ಲಿ ಗಸಿ ಇರಲಿಲ್ಲ. ನಾನು ತಲೆ ಬಗ್ಗಿಸಿ ಕೂತೆ.